ಬದಲಿ ಬಂದರೆ ರಜೆ

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಚೀಟಿ. ಬರೆದವನದೂ ತಪ್ಪಿಲ್ಲ, ಓದಿದವನದೂ ತಪ್ಪಿಲ್ಲ. ಬೆಳಗ್ಗೆ ಎಂಟಕ್ಕೆ ಅದು ವೃದ್ಧರ ಆರೈಕೆ ಮನೆಯ ಕೌಂಟರಿನ ಮೇಲೆ ಒಂದು ಫೈಲಿಗೆ ಪಿನ್ ಹೊಡೆಸಿಕೊಂಡು ಕೂತಿತ್ತು: "ಹನ್ನೆರಡನೇ ಮಂಚಕ್ಕೆ ಇವತ್ತು ನಮ್ಮ ತಾಯಿ ಬರುತ್ತಾರೆ. ಮರೆವಿನ ಕಾಯಿಲೆ. ಇನ್ನೂ ಕೆಲಸದಲ್ಲಿದ್ದೇನೆ ಎಂದೇ ನಂಬಿದ್ದಾರೆ. ವಾದ ಮಾಡಬೇಡಿ, ಹೂಂ ಅನ್ನಿ. ಹೆಸರು ಕೇಳಬೇಡಿ, ನೆನಪಾಗದಿದ್ದರೆ ಅಳುತ್ತಾರೆ."

ಓದಿದವನು ಬ್ರದರ್. ಗಂಡು ನರ್ಸನ್ನು ಎಲ್ಲರೂ ಕರೆಯುವುದೇ ಹಾಗೆ. ಅಲ್ಲಿದ್ದ ಮೂವತ್ತೊಂದು ಮಂದಿ ಹಿರಿಯರಿಗೆ ಅವನೊಬ್ಬನೇ ನರ್ಸು. ಮೊದಲು ಮೂವರಿದ್ದರು. ಒಬ್ಬಳು ವಿಮಾನ ಹತ್ತಿದಳು, ಇನ್ನೊಬ್ಬಳು ದೊಡ್ಡ ಆಸ್ಪತ್ರೆ ಸೇರಿದಳು. ಗೋಡೆಯ ಡ್ಯೂಟಿ ಪಟ್ಟಿಯಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಸಾಲಿನಲ್ಲಿ ಮ್ಯಾನೇಜರು ಬ್ರದರ್ ಅಂತಲೇ ಬರೆದು, ನೋಡಿದವರಿಗೆ ಮೂವರು ಅನ್ನಿಸಲಿ ಎಂದು ಮೂರು ಬಣ್ಣದ ಶಾಯಿ ಬಳಸಿದ್ದರು.

ಅವನ ಮಗಳು ಹುಟ್ಟಿ ಇಪ್ಪತ್ತೆರಡು ದಿನವಾಗಿತ್ತು. ಹೆಂಡತಿಯ ತವರು ಆರು ಗಂಟೆಯ ಬಸ್ ದಾರಿ. ಕೂಸಿನ ಮುಖವನ್ನು ಅವನು ಫೋನಿನಲ್ಲಲ್ಲದೆ ನೋಡಿರಲಿಲ್ಲ. ನಾಲ್ಕು ಸಲ ಅರ್ಜಿ ಕೊಟ್ಟಿದ್ದ. ನಾಲ್ಕರ ಕೆಳಗೂ ಮ್ಯಾನೇಜರ ಷರಾ ಒಂದೇ: "ಬದಲಿ ಬಂದರೆ ರಜೆ." ಬದಲಿ ಬಂದಿರಲಿಲ್ಲ.

"ಈ ಸಲ ಪಕ್ಕಾ ಕಣಯ್ಯಾ," ಎಂದರು ಮ್ಯಾನೇಜರು ಅಂದು ಬೆಳಗ್ಗೆ. "ಏಜೆನ್ಸಿಯವ್ರು ಫೋನ್ ಮಾಡಿದ್ರು. ಹತ್ತು ಗಂಟೆಗೆ ಒಬ್ರು ಸಿಸ್ಟರ್ ಬರ್ತಾರಂತೆ. ಭಾಳ ಅನುಭವಸ್ಥರು, ಭಾಳ ಸ್ಟ್ರಿಕ್ಟು. ಚಾರ್ಜ್ ಒಪ್ಸು, ಮೂರು ಗಂಟೆ ಬಸ್ ಹತ್ತು."

ಸುದ್ದಿ ಕಾಲು ಗಂಟೆಯಲ್ಲಿ ಮೂವತ್ತೊಂದು ಮಂಚವನ್ನೂ ಮುಟ್ಟಿತು. ಒಂಬತ್ತನೇ ಮಂಚದ ಅಜ್ಜಿ ತಾನು ಹೆಣೆದ ಹಳದಿ ಕುಲಾವಿಯನ್ನು ಅವನ ಚೀಲಕ್ಕೆ ತುರುಕಿದರು. ನಾಲ್ಕನೇ ಮಂಚದ ನಿವೃತ್ತ ಪೋಸ್ಟ್‌ಮಾಸ್ಟರು ಮಗುವನ್ನು ಎತ್ತಿಕೊಳ್ಳುವುದು ಹೇಗೆಂದು ದಿಂಬು ಹಿಡಿದು ತೋರಿಸಿದರು.

"ನಿಮಗೆಷ್ಟು ಮಕ್ಕಳು ತಾತ?"

"ಮದುವೇನೇ ಆಗಿಲ್ಲ. ಆದ್ರೆ ಪಾರ್ಸಲ್ ಹುಷಾರಾಗಿ ಹಿಡಿಯೋದು ನನಗಿಂತ ಚೆನ್ನಾಗಿ ಯಾರಿಗ್ ಗೊತ್ತು?"

ಒಂಬತ್ತೂ ಮುಕ್ಕಾಲಿಗೆ ಬಾಗಿಲಲ್ಲಿ ಒಬ್ಬ ಮುದುಕಿ ಕಾಣಿಸಿಕೊಂಡರು. ಬಿಳಿ ಕೂದಲು, ಊದಿದ ಕಾಲು, ಕೈಯಲ್ಲೊಂದು ಹಳೇ ಚೀಲ. ಗೋಡೆ ಹಿಡಿದು ನಿಂತು ಏದುಸಿರು ಬಿಡುತ್ತಾ, "ನಾನು ಡ್ಯೂಟಿಗೆ ಬಂದಿದ್ದೀನಪ್ಪಾ," ಎಂದರು.

ಬ್ರದರಿಗೆ ಚೀಟಿ ನೆನಪಾಯಿತು. "ಹೂಂ ಅಜ್ಜಿ. ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ವಿ," ಎಂದು ಕೈ ಹಿಡಿದು ಹನ್ನೆರಡನೇ ಮಂಚದ ಮೇಲೆ ಕೂರಿಸಿದ.

"ಅಲ್ಲಪ್ಪಾ, ನಾನು ಡ್ಯೂಟಿಗೆ..."

"ಹೂಂ ಅಜ್ಜಿ. ಮೊದ್ಲು ಬಿಪಿ ನೋಡ್ಬಿಡೋಣ."

ಬಿಪಿ ನೂರಾ ಎಂಬತ್ತು. "ಇಷ್ಟು ಬಿಪಿ ಇಟ್ಕೊಂಡು ಓಡಾಡ್ತಾರಾ? ಮಾತ್ರೆ ತಗೊಂಡ್ರಾ ಇವತ್ತು?"

"ಮರ್ತೆ. ಚೀಲದಲ್ಲಿದೆ. ಆದ್ರೆ ಡ್ಯೂಟಿ..."

"ಹೂಂ, ಹೂಂ." ಚೀಲದಲ್ಲಿದ್ದ ಮಾತ್ರೆಯ ಚೀಟಿ ಓದಿ ನುಂಗಿಸಿದ. ಬಿಸಿ ಹಾಲು ಕುಡಿಸಿದ. ಚಪ್ಪಲಿ ಬಿಚ್ಚಿ, ಕಾಲ ಕೆಳಗೆ ದಿಂಬಿಟ್ಟು, ಕುತ್ತಿಗೆಯವರೆಗೂ ಹೊದಿಕೆ ಹೊದಿಸಿದ. ಅವರು ಏನೋ ಹೇಳಲು ಬಾಯಿ ತೆರೆದರು, ಅದು ಆಕಳಿಕೆಯಾಯಿತು. ಐದು ನಿಮಿಷದಲ್ಲಿ ಗೊರಕೆ.

ಸರಿಯಾಗಿ ಹತ್ತಕ್ಕೆ ಎರಡನೆಯವರು ಬಂದರು. ನೆಟ್ಟಗಿನ ಬೆನ್ನು, ಕಪ್ಪು ಕೂದಲು, ಫಳಫಳ ಹೊಳೆಯುವ ಬೂಟು, ಕೊರಳಲ್ಲೊಂದು ಸೀಟಿ. ಭಾಳ ಸ್ಟ್ರಿಕ್ಟು ಅಂದದ್ದು ಸುಳ್ಳಲ್ಲ ಎಂದುಕೊಂಡ ಬ್ರದರ್.

"ಬನ್ನಿ ಸಿಸ್ಟರ್."

"ಮೇಡಂ ಅನ್ನಿ. ಒಟ್ಟು ಎಷ್ಟು ಜನ?"

"ಮೂವತ್ತೊಂದು ಮೇಡಂ. ಈಗ ಒಬ್ರು ಸೇರಿ ಮೂವತ್ತೆರಡು."

"ಹಾಜರಾತಿ?"

"ಎಲ್ರೂ ಹಾಜರು ಮೇಡಂ. ಪಾಪ, ಎಲ್ಲಿಗೆ ಹೋಗ್ತಾರೆ?"

"ನೀವು?"

"ನಾನು ಮೂರು ದಿನ ರಜೆ." ಅರ್ಜಿ ತೋರಿಸಿದ. ಮೇಡಂ ಜೇಬಿನಿಂದ ಕೆಂಪು ಪೆನ್ನು ತೆಗೆದು, ತಾರೀಕು ಹಾಕಿಲ್ಲವೆಂದು ಸುತ್ತು ಗುರುತು ಹಾಕಿ, ಕೆಳಗೆ ಸಹಿ ಮಾಡಿದರು. ಇಪ್ಪತ್ತೆರಡು ದಿನದಲ್ಲಿ ಆ ಅರ್ಜಿಗೆ ಮೊದಲ ಸಲ ಯಾರೋ ಸಹಿ ಹಾಕಿದ್ದು. ಬ್ರದರ್ ಸಂತೋಷಕ್ಕೆ ಕೀಗೊಂಚಲನ್ನು ಅವರ ಕೈಗಿಟ್ಟ.

ಮಧ್ಯಾಹ್ನದ ಹೊತ್ತಿಗೆ ಮನೆಯ ಚಹರೆಯೇ ಬದಲಾಗಿತ್ತು. ಮೇಡಂ ಸೀಟಿ ಊದಿ, ನಡೆಯಬಲ್ಲವರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು, ಗಾಲಿಕುರ್ಚಿಯವರನ್ನು ಮುಂದಿನ ಸಾಲಿಗೆ ತಂದರು, ಉಗುರು ನೋಡಿದರು. ಆರು ತಿಂಗಳಿಂದ ಕೈ ಎತ್ತಲಾರೆ ಅನ್ನುತ್ತಿದ್ದ ಪೋಸ್ಟ್‌ಮಾಸ್ಟರು, "ಬಚ್ಚಲಿಗೆ ಹೋಗಬೇಕಾದವರು ಕೈ ಎತ್ತಿ" ಎಂದು ಮೇಡಂ ಹೇಳಿದಾಗ ಎರಡೂ ಕೈ ಎತ್ತಿಬಿಟ್ಟರು.

"ಎಂಥಾ ನರ್ಸಪ್ಪಾ ಇವ್ರು!" ಎಂದಳು ಆಯಮ್ಮ ನೆಲ ಒರೆಸುತ್ತಾ. "ನನ್ನ ಕೈಲಿ ಮಗ್ಗಿ ಹೇಳ್ಸಿದ್ರು!"

"ದೊಡ್ಡ ಆಸ್ಪತ್ರೆ ಪದ್ಧತಿ ಇರ್ಬೇಕು," ಎಂದ ಬ್ರದರ್. ಬಸ್ ಹತ್ತಬೇಕಾದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮಧ್ಯಾಹ್ನದ ಮಾತ್ರೆಗಳನ್ನು ಮಾತ್ರ ಅಭ್ಯಾಸಬಲದಿಂದ ತಾನೇ ಕೊಟ್ಟು ಮುಗಿಸಿ, ಎರಡೂ ಕಾಲು ಗಂಟೆಗೆ ಚೀಲ ಹೆಗಲಿಗೇರಿಸಿ ಹೊರಟ. ಗೇಟಿಗೆ ಬೀಗ. ಬೀಗದ ಪಕ್ಕದಲ್ಲಿ ಮೇಡಂ.

"ಎಲ್ಲಿಗೆ?"

"ಬಸ್‌ಗೆ ಮೇಡಂ. ರಜೆ. ನೀವೇ ಸಹಿ ಹಾಕಿದ್ರಲ್ಲ?"

"ಅದು ನಾಳೆಯಿಂದ. ಇವತ್ತು ಗಂಟೆ ಹೊಡೆಯೋವರ್ಗೂ ಯಾರೂ ಹೊರಗೆ ಹೋಗೋ ಹಾಗಿಲ್ಲ."

"ಮೇಡಂ, ನನ್ ಮಗಳು..."

"ಮಗಳೂ ಕಾಯೋದು ಕಲೀಲಿ."

ಅಷ್ಟರಲ್ಲಿ ಮ್ಯಾನೇಜರು ಫೋನ್ ಕಿವಿಗಿಟ್ಟುಕೊಂಡೇ ಓಡಿ ಬಂದರು. "ಬ್ರದರ್, ಹನ್ನೆರಡನೇ ಮಂಚದವರ ಮಗ ಲೈನಲ್ಲಿದ್ದಾರೆ. ಬೆಳಗ್ಗೆ ಬಿಡೋಕ್ ಬಂದ್ರೆ, ಪಾಲಕರು ಒಳಗ್ ಬರೋ ಹಾಗಿಲ್ಲ ಅಂತ ಅವರಮ್ಮ ಗೇಟಿಂದಾನೇ ವಾಪಸ್ ಕಳಿಸಿದ್ರಂತೆ. ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ರಂತೆ. ಸೀಟಿ ಊದಿ ತೊಂದ್ರೆ ಕೊಡ್ತಿಲ್ಲ ತಾನೇ ಅಂತ ಕೇಳ್ತಿದ್ದಾರೆ."

"ಸೀಟೀನಾ?" ಎಂದ ಬ್ರದರ್.

ಅವನ ಬೆನ್ನ ಹಿಂದೆ ಸೀಟಿ ಮೊಳಗಿತು.

ಬ್ರದರ್ ತಿರುಗಿ ಮೇಡಂ ಬಾಯಲ್ಲಿದ್ದ ಸೀಟಿ ನೋಡಿದ. "ಸಾರ್, ಹಾಗಾದ್ರೆ ಹನ್ನೆರಡನೇ ಮಂಚದಲ್ಲಿ ಮಲ್ಗಿರೋದು ಯಾರು?"

ಇಬ್ಬರೂ ಬಿದ್ದಂಬೀಳ ಓಡಿದರು. ಮುದುಕಿ ಆಗಷ್ಟೇ ಕಣ್ಣು ಬಿಟ್ಟಿದ್ದರು. ದಿಂಬಿನ ಪಕ್ಕದಲ್ಲಿದ್ದ ಚೀಲದಿಂದ ಏಜೆನ್ಸಿಯ ಗುರುತಿನ ಚೀಟಿ ತೆಗೆದು ತೋರಿಸಿದರು. ವಯಸ್ಸು ಅರವತ್ತೇಳು. ಕೆಲಸ ನರ್ಸು.

"ಮೂರು ಸಲ ಹೇಳ್ದೆ, ಡ್ಯೂಟಿಗೆ ಬಂದಿದ್ದೀನಿ ಅಂತ. ಮೂರು ಸಲಾನೂ ನೀನು ಹೂಂ ಅಂದೆ," ಎಂದರು ಸಾವಧಾನವಾಗಿ.

"ಅರವತ್ತೇಳಾ?" ಎಂದರು ಮ್ಯಾನೇಜರು. "ಇದಕ್ಕಿಂತ ಚಿಕ್ಕೋರು ಇರ್ಲಿಲ್ವಾ?"

"ಹನ್ನೊಂದು ಆರೈಕೆ ಮನೆಗೆ ನಾವಿಬ್ರೇ ಸಾರ್. ಇನ್ನೊಬ್ರಿಗೆ ಎಪ್ಪತ್ತು. ನಾನೇ ಚಿಕ್ಕೋಳು. ಒಂದ್ಕಡೆ ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಇಲ್ಲಿಗ್ ಬಂದೆ."

ಬ್ರದರ್ ಗಡಿಯಾರ ನೋಡಿದ. ಬಸ್ಸಿಗೆ ಇಪ್ಪತ್ತೈದು ನಿಮಿಷವಿತ್ತು. ಗೇಟಿನ ಕೀ ಹೇಗಾದರೂ ಇಸಿದುಕೊಳ್ಳಬಹುದು. "ಸಿಸ್ಟರ್, ದಯವಿಟ್ಟು... ಈಗ ಏಳ್ತೀರಾ? ನಾನಿನ್ನೂ ನನ್ ಮಗಳನ್ನ ನೋಡಿಲ್ಲ."

ಪುಣ್ಯಾತ್ಗಿತ್ತಿ ಮರುಮಾತಾಡದೆ ಎದ್ದರು. ಎರಡು ಹೆಜ್ಜೆ ಇಡುವಷ್ಟರಲ್ಲಿ ವಾಲಿದರು. ಬ್ರದರ್ ಹಿಡಿದುಕೊಂಡ. ಮತ್ತೆ ಬಿಪಿ ನೋಡಿದ. ನೂರಾ ಎಪ್ಪತ್ತು. ಇವರ ಕೈಗೆ ಮೂವತ್ತೆರಡು ಜನರನ್ನು ಒಪ್ಪಿಸಿ ಹೋದರೆ ಬಸ್ಸಿನಲ್ಲಿ ತನಗೆ ಕೂರಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಹೆಗಲಿನ ಚೀಲ ಇಳಿಸಿ, ಅವರನ್ನು ತಾನೇ ಮತ್ತೆ ಮಲಗಿಸಿ ಹೊದಿಕೆ ಹೊದಿಸಿದ.

ಸಿಸ್ಟರ್ ಕಣ್ಣಲ್ಲಿ ನೀರಾಡಿತು. "ನಲವತ್ತನಾಲ್ಕು ವರ್ಷ ಎಷ್ಟು ಜನಕ್ಕೆ ಹೊದಿಸಿದ್ದೀನೋ ಲೆಕ್ಕ ಇಲ್ಲ. ನನಗೆ ಯಾರಾದ್ರೂ ಹೊದಿಸಿದ್ದು ಇವತ್ತೇ. ಮ್ಯಾನೇಜರೇ, ಮನೇಲಿ ನನಗ್ಯಾರೂ ಇಲ್ಲ. ಇಲ್ಲಿ ಸೇರ್ಕೊಳ್ಳೋಕೆ ಫಾರಂ ಇದೆಯಾ?"

"ಇಲ್ದೇ ಏನು!" ಎಂದರು ಮ್ಯಾನೇಜರು. ಒಂದೇ ದಿನದಲ್ಲಿ ಎರಡು ಮಂಚ ತುಂಬಿದ ಖುಷಿಗೆ ಅವರ ಮುಖ ಅರಳಿತ್ತು.

ಮೂರಕ್ಕೆ ಬಸ್ಸು ರಸ್ತೆಯ ತಿರುವಿನಲ್ಲಿ ಹಾರನ್ ಹೊಡೆದುಕೊಂಡು ಹೋಯಿತು. ಅದರ ಹಿಂದೆಯೇ ಹೆಂಡತಿಯ ಫೋನು.

"ಹತ್ತಿದ್ರಾ?"

"ಇಲ್ಲ."

"ಮತ್ತೆ ಬದಲಿ ಬರ್ಲಿಲ್ವಾ?"

"ಬಂದ್ರು. ಮಲ್ಗಿದ್ದಾರೆ."

ಆ ಕಡೆ ಮಗು ಅತ್ತಿದ್ದು ಕೇಳಿಸಿತು. ಬ್ರದರಿಗೂ ಅಳು ಒತ್ತರಿಸಿ ಬಂತು.

ನಾಲ್ಕು ಗಂಟೆಗೆ ಹೆಡ್‌ಮಿಸ್ ಅಡುಗೆಮನೆಯ ತಟ್ಟೆಯನ್ನು ಸೌಟಿನಿಂದ ಬಾರಿಸಿ, ಗೇಟಿನ ಬೀಗ ತೆಗೆದು, "ಎಲ್ಲರೂ ಮನೆಗೆ ಹೋಗಬಹುದು," ಎಂದು ಸಾರಿದರು. ಯಾರೂ ಹೋಗಲಿಲ್ಲ. ಪೋಸ್ಟ್‌ಮಾಸ್ಟರು ಮಾತ್ರ ಗೇಟಿನವರೆಗೂ ಹೋಗಿ, ರಸ್ತೆ ನೋಡಿಕೊಂಡು ಚಹಾದ ಹೊತ್ತಿಗೆ ವಾಪಸು ಬಂದರು.

ಬ್ರದರ್ ಐದನೇ ಅರ್ಜಿ ಬರೆದ, ಈ ಸಲ ತಾರೀಕು ಹಾಕಿ. ಮ್ಯಾನೇಜರು ಓದಿ, ತಲೆದೂಗಿ, ಕೆಳಗೆ ಎಂದಿನ ಷರಾ ಬರೆದು, ಒಂದು ಪದ ಹೊಸದಾಗಿ ಸೇರಿಸಿದರು: "ಇಬ್ಬರು ಬದಲಿ ಬಂದರೆ ರಜೆ." ಈಗ ಮೂವತ್ತಮೂರು ಜನರಾದ ಮೇಲೆ ಒಬ್ಬರಿಂದ ಆಗುವ ಕೆಲಸವಲ್ಲ ಇದು ಎಂದರು.

ಅವನು ಸಂಜೆಯ ಮಾತ್ರೆಯ ತಟ್ಟೆ ಹಿಡಿದು ಒಂದನೇ ಮಂಚದಿಂದ ಶುರುಮಾಡುತ್ತಿದ್ದಂತೆ ಕರೆಗಂಟೆ ಬಡಿದುಕೊಂಡಿತು. ಹನ್ನೆರಡನೇ ನಂಬರಿನ ದೀಪ. ತಟ್ಟೆ ಅಲ್ಲೇ ಇಟ್ಟು ಓಡಿದ.

"ಏನಾಯ್ತು ಸಿಸ್ಟರ್? ಎದೆ ನೋವಾ? ತಲೆ ಸುತ್ತಾ?"

"ಏನೂ ಇಲ್ಲಪ್ಪಾ," ಎಂದರು ಅವರು, ಗುಂಡಿಯ ಮೇಲಿನ ಬೆರಳು ತೆಗೆಯದೆ. "ನಲವತ್ತನಾಲ್ಕು ವರ್ಷ ಈ ಗಂಟೆ ಕೇಳಿ ಓಡಿದ್ದೀನಿ. ಒತ್ತಿದ್ರೆ ಹೇಗಿರುತ್ತೆ ಅಂತ ನೋಡ್ದೆ." ಮತ್ತೊಮ್ಮೆ ಒತ್ತಿದರು.