ಅಳಿಯ ಕಟ್ಟಿದ ಅಮೆರಿಕನ್ ಕಾರು

ನನ್ನ ಮಾವನವರ ಬಳಿ ಹಿಂದೆ ಒಂದು ಅಮೆರಿಕನ್ ಕಾರಿತ್ತು. ಹಿಂಭಾಗದಲ್ಲಿ ಮೀನಿನಂತೆ ಎರಡು ರೆಕ್ಕೆ, ಮುಂಭಾಗದಲ್ಲಿ ಮಿರಮಿರ ಮಿಂಚುವ ಬಂಪರು. ಲಕ್ಷ್ಮೀಪುರಂನ ಅವರ ಬೀದಿಯಲ್ಲಿ ಅದನ್ನು ತಿರುಗಿಸಬೇಕೆಂದರೆ ಅಕ್ಕಪಕ್ಕದವರೆಲ್ಲ ಗೇಟು ತೆರೆದುಕೊಡಬೇಕಿತ್ತಂತೆ. ನಾನು ಅಳಿಯನಾಗಿ ಬರುವ ಹೊತ್ತಿಗೆ ಕಾರು ಮಾರಾಟವಾಗಿ, ಗೋಡೆಯ ಮೇಲೆ ಒಂದು ಕಪ್ಪು-ಬಿಳುಪು ಫೋಟೋ ಮಾತ್ರ ಉಳಿದಿತ್ತು.

ಮಾವನವರಿಗೆ ಎಂಬತ್ತು ತುಂಬುವ ದಿನ ಹತ್ತಿರ ಬಂತು.

"ಈ ಸಲ ಶಾಲು, ಬೆಳ್ಳಿ ಲೋಟ ಯಾವ್ದೂ ಬೇಡ. ಆ ಕಾರಿನ ಪುಟಾಣಿ ಮಾದರೀನ ನನ್ ಕೈಯಾರೆ ಮಾಡಿ ಕೊಡ್ತೀನಿ" ಎಂದು ಹೆಂಡತಿ ಸುಮಿತ್ರಳಿಗೆ ಘೋಷಿಸಿದೆ.

"ನೀವಾ?" ಎಂದಳು. ಅಷ್ಟೇ! ಆ ಎರಡಕ್ಷರದಲ್ಲಿ ನಮ್ಮ ಇಡೀ ದಾಂಪತ್ಯದ ಅನುಭವವಿತ್ತು.

ಅವಳ ತವರಿನಲ್ಲಿ ನನ್ನ ಬಗ್ಗೆ ಒಂದು ಅಭಿಪ್ರಾಯ ಬೇರೂರಿದೆ: 'ಅಳಿಯಂದಿರು ಬಾಳ ಒಳ್ಳೆಯೋರು. ಮೊಳೆ ಹೊಡೆಯೋಕೆ ಮಾತ್ರ ಬರಲ್ಲ.' ಈ ಕಳಂಕವನ್ನು ತೊಡೆಯುವ ಸುವರ್ಣಾವಕಾಶ ಇದೆಂದು ನಾನು ಬಗೆದೆ.

ದಟ್ಟಗಳ್ಳಿಯ ನಮ್ಮ ಮನೆಯ ಊಟದ ಮೇಜು ಕಾರ್ಖಾನೆಯಾಯಿತು. ಪ್ಲೈವುಡ್ ಕತ್ತರಿಸಿ ರೆಕ್ಕೆಗಳನ್ನು ಮಾಡಿದೆ. ಎಡದ್ದು ಸ್ವಲ್ಪ ಎತ್ತರವಾಗಿತ್ತು, ಉಜ್ಜಿದೆ. ಈಗ ಬಲದ್ದು ಎತ್ತರ ಕಂಡಿತು. ಅದನ್ನೂ ಉಜ್ಜಿದೆ. ಹೀಗೆ ಇಬ್ಬರಿಗೂ ಅನ್ಯಾಯವಾಗದಂತೆ ಉಜ್ಜುತ್ತಾ ಹೋದೆ. ಸಂಜೆಯ ಹೊತ್ತಿಗೆ ರೆಕ್ಕೆಗಳೆರಡೂ ಸಮವಾಗಿದ್ದವು. ಅಂದರೆ, ಎರಡೂ ಇರಲಿಲ್ಲ!

ಮತ್ತೆ ಹೊಸ ರೆಕ್ಕೆ ಮಾಡಿದೆ. ಈ ಸಲ ಉಜ್ಜುವ ಗೊಡವೆಗೆ ಹೋಗಲಿಲ್ಲ. ಬಂಪರಿಗೆ ಹೊಳೆಯುವ, ತುಸು ಬಾಗಿದ ಉಕ್ಕಿನ ಪಟ್ಟಿ ಬೇಕಿತ್ತು. ಅಡುಗೆಮನೆಯಲ್ಲಿ ಸಿಕ್ಕಿತು.

"ರೀ, ಪಾಯಸದ ಸೌಟಿನ ಹಿಡಿ ಎಲ್ಲಿ?"

"ಅದೀಗ ಉನ್ನತ ಹುದ್ದೆಯಲ್ಲಿದೆ" ಎಂದೆ. ಆ ದಿನ ಊಟಕ್ಕೆ ಮೊಸರನ್ನ ಮಾತ್ರ ಸಿಕ್ಕಿತು.

ಇನ್ನು ಬಣ್ಣ. ಫೋಟೋ ನೋಡಿದರೆ ಕಾರು ಬೂದಿ ಬಣ್ಣದ್ದು. ಗುಟ್ಟಾಗಿ ಅತ್ತೆಯವರಿಗೆ ಫೋನ್ ಮಾಡಿದೆ. "ಗಿಳಿ ಹಸಿರು ಕಣಪ್ಪ, ನಂಗೆ ಚೆನ್ನಾಗಿ ಗ್ಯಾಪಕ ಐತೆ" ಎಂದರು. ಹಸಿರು ಬಳಿದೆ. ಸಮಾರಂಭದ ಹಿಂದಿನ ದಿನ ಅವರದೇ ಫೋನು: "ಆ ಹಸಿರು ನನ್ ಸೀರೆ ಕಣಪ್ಪ! ಕಾರು ಆಕಾಶ ನೀಲಿ!" ಹಸಿರಿನ ಮೇಲೆ ನೀಲಿ ಬಳಿದೆ. ಅದು ಒಣಗಲು ಒಪ್ಪಲಿಲ್ಲ.

ಹೊರಡುವ ಹೊತ್ತಿಗೆ ಸರಿಯಾಗಿ ಚಾವಣಿ ಕಳಚಿತು! ಕ್ಷಣದಲ್ಲಿ ಅಂಟುವ ಗೋಂದು ಸುರಿದು, ಅಂಗೈಯಿಂದ ಒತ್ತಿ ಹಿಡಿದೆ. ಗೋಂದು ತನ್ನ ಮಾತು ಉಳಿಸಿಕೊಂಡಿತು. ಚಾವಣಿ ಕಾರಿಗೆ ಅಂಟಿತು. ನಾನು ಚಾವಣಿಗೆ ಅಂಟಿದೆ.

"ಮುಹೂರ್ತ ಮೀರತ್ತೆ, ಹಂಗೇ ಕೂತ್ಕೊಳ್ಳಿ!" ಎಂದು ಸುಮಿತ್ರ ಸ್ಕೂಟರ್ ಹೊರತೆಗೆದಳು. ಹಿಂದೆ ಕೂತು, ಬಲಗೈಗೆ ಕಾರು ತೊಟ್ಟುಕೊಂಡು, ರಾಜಮರ್ಯಾದೆಯಿಂದ ಹೊರಟೆ. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ನನ್ನನ್ನು ನೋಡಿದರು, ಕಾರನ್ನು ನೋಡಿದರು.

"ಏನ್ ಸಾರ್ ಇದು?"

"ಕೈ ಬಿಡ್ತಾ ಇಲ್ಲ" ಎಂದೆ.

"ಅದನ್ನ ಬುಡಿ ಸಾರ್, ಹೆಲ್ಮೆಟ್ ಎಲ್ಲಿ?"

ಹೆಲ್ಮೆಟ್ ನನ್ನ ತೊಡೆಯ ಮೇಲಿತ್ತು. ಒಂದೇ ಕೈಯಲ್ಲಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಾಗ ಅವರೇ ಕನಿಕರಪಟ್ಟು ತೊಡಿಸಿ ಕಳಿಸಿದರು.

ಮಾವನವರ ಮನೆ ತುಂಬ ಜನ. ಎಡಗೈಯಲ್ಲಿ ನಮಸ್ಕಾರ ಮಾಡಿದರೆ ಅಪಚಾರ, ಎರಡೂ ಕೈ ಮುಗಿದರೆ ಅಪಘಾತ! ಕೊನೆಗೆ ಅತ್ತೆಯವರು ಬಿಸಿ ಸೋಪಿನ ನೀರಿಗೆ ನನ್ನ ಕೈಯನ್ನದ್ದಿ, ಎಣ್ಣೆ ಹಾಕಿ, ಮೆತ್ತಗೆ ಬಿಡಿಸಿದರು. ಚಾವಣಿಯ ಬಣ್ಣ ನನ್ನ ಅಂಗೈಯಲ್ಲಿ ಉಳಿಯಿತು. ನನ್ನ ಅಂಗೈಯ ಚರ್ಮ ಸ್ವಲ್ಪ ಚಾವಣಿಯಲ್ಲಿ ಉಳಿಯಿತು.

ಮಾವನವರು ಕಾರನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. ಬೆರಳಿನಿಂದ ಮೆಲ್ಲಗೆ ತಳ್ಳಿದರು. ಅಲುಗಲಿಲ್ಲ. ಜೋರಾಗಿ ತಳ್ಳಿದರು. ಗೋಂದು ಇಳಿದು ಚಕ್ರಗಳೆಲ್ಲ ಕಚ್ಚಿಕೊಂಡಿದ್ದವು!

ಇದ್ದಕ್ಕಿದ್ದಂತೆ ಮಾವನವರು ಹೊಟ್ಟೆ ಹಿಡಿದು ನಗತೊಡಗಿದರು.

"ಥೇಟ್ ಅದೇ ಕಾರು ಕಣ್ರೀ! ಅದೂ ಎಷ್ಟು ತಳ್ಳಿದ್ರೂ ಹೊರಡ್ತಿರಲಿಲ್ಲ. ಸಿನಿಮಾಗೆ ಹೊರಟೋರು ಅರ್ಧ ದಾರೀಲಿ ತಳ್ಳಿ ತಳ್ಳಿ, ನಿಮ್ಮತ್ತೆ ನನ್ ಜೊತೆ ಮಾತೇ ಬಿಟ್ಟಿದ್ರು!"

"ಈಗ್ಲೂ ಭುಜ ನೋಯತ್ತೆ" ಎಂದರು ಅತ್ತೆ. ನಗುತ್ತ ನಗುತ್ತ ಮಾವನವರ ಕಣ್ಣು ತುಂಬಿತು. ಕಾರನ್ನು ತೊಡೆಯ ಮೇಲಿಟ್ಟುಕೊಂಡೇ ಆಶೀರ್ವಾದ ಮಾಡಿದರು. ಹೊಸ ಪಂಚೆಗೆ ನೀಲಿ ಬಣ್ಣ ಹತ್ತಿದ್ದನ್ನೂ ಲೆಕ್ಕಿಸಲಿಲ್ಲ.

ನಾನು ಎದೆಯುಬ್ಬಿಸಿ ನಿಂತೆ. ಆಗ ಅತ್ತೆಯವರ ತಂಗಿ ಪದ್ದಮ್ಮ ಕನ್ನಡಕ ಏರಿಸಿಕೊಂಡು ಬಂದು, ಕಾರನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದರು:

"ಎಷ್ಟು ಮುದ್ದಾಗಿದೆ! ಯಾವ ಮಗು ಮಾಡಿದ್ದು?"

"ಮಗು ಅಲ್ಲಮ್ಮ, ನಮ್ಮ ಅಳಿಯಂದಿರು. ಈಗ ರಿಟೈರಾಗಿದಾರೆ" ಎಂದರು ಮಾವ, ಹೆಮ್ಮೆಯಿಂದ.

ಪದ್ದಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೆನ್ನು ಸವರಿ, ತುಂಬು ಮಮತೆಯಿಂದ ಹೇಳಿದರು:

"ಪರವಾಗಿಲ್ಲ ಕಣಪ್ಪ. ಮಾಡ್ತಾ ಮಾಡ್ತಾ ಬರತ್ತೆ."