ಬೆನಕಪ್ಪನ ಧೂಳಾಪಟ್ಟಿ

ಎಲ್ಲಕ್ಕೂ ಮೂಲ ಒಂದು ಸೀನು.

ಎಂಬತ್ತನಾಲ್ಕನೇ ಇಸವಿಯ ಮಾತು. ಜಗಳೂರಿನ ಕಚೇರಿಯೊಂದರ ರೆಕಾರ್ಡ್ ರೂಮಿನ ಗುಮಾಸ್ತ ಬೆನಕಪ್ಪ, ಸಾಹೇಬರ ಮುಂದೆ ಸಹಿಗೆ ಕಾಗದ ಹಿಡಿದು ನಿಂತಿದ್ದಾಗ ಅದು ಹೇಳದೆ ಕೇಳದೆ ಬಂತು. ಸಹಿಯ ಶಾಯಿ ಇನ್ನೂ ಹಸಿ. ಸಾಹೇಬರ ಹೆಸರು ಬಾಲ ಬಿಟ್ಟುಕೊಂಡು ಕಾಗದದ ಅಂಚಿನವರೆಗೂ ಓಡಿತು. ಅವರು ಬೈಯಲಿಲ್ಲ. ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡು, ಅರ್ಧ ದಿನ ರಜೆ ಕೊಟ್ಟು ಡಾಕ್ಟರ ಹತ್ತಿರ ಅಟ್ಟಿದರು.

ಡಾಕ್ಟರು ಎದೆ, ಬೆನ್ನು ನೋಡಿ, ಮನೆಯಲ್ಲಿ ಧೂಳು ಹೊಡೆಯುವವರು ಯಾರು ಎಂದು ಕೇಳಿದರು.

"ನಮ್ಮ ಮನೆಯವರು," ಎಂದ ಬೆನಕಪ್ಪ ರೂಢಿಯಂತೆ. ಆಮೇಲೆ ನೆನಪಾಗಿ, "ಇದ್ರು," ಎಂದ.

ನಿರ್ಮಲಮ್ಮ ಹೋಗಿ ಎಂಟು ತಿಂಗಳಾಗಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟು, ಮೊದಲು ಮನೆ ಚೊಕ್ಕ ಮಾಡಿಕೊಳ್ಳಿ, ಮಾತ್ರೆ ಆಮೇಲೆ ನೋಡೋಣ ಎಂದರು.

ಬೆನಕಪ್ಪ ಗುಮಾಸ್ತ ತಾನೆ, ಪೊರಕೆಗಿಂತ ಮೊದಲು ಪೆನ್ನು ಹಿಡಿದ. ಹಳೆಯ ಫಾರಂ ಒಂದರ ಬೆನ್ನಿಗೆ ಪಟ್ಟಿ ಗೀಚಿದ. ಸೋಮವಾರ ಕಿಟಕಿ. ಮಂಗಳವಾರ ಗೋಡೆಯ ಫೋಟೊಗಳು. ಬುಧವಾರ ಟ್ರಂಕುಗಳು. ಗುರುವಾರ ಜಂತೆಯ ಜೇಡರಬಲೆ. ಶುಕ್ರವಾರ ಮಂಚದ ಕೆಳಗೆ. ಭಾನುವಾರ ರಜೆ. ದಿನಕ್ಕೆ ಒಂದೇ ಜಾಗ, ಕಾಲು ಗಂಟೆ, ಒಂದು ನಿಮಿಷವೂ ಹೆಚ್ಚಿಲ್ಲ. ಶನಿವಾರದ ಮುಂದೆ ಮಾತ್ರ ಏನೂ ಬರೆಯಲಿಲ್ಲ. ಮೂರು ವಾರ ಪಟ್ಟಿ ರೈಲಿನಂತೆ ನಡೆಯಿತು. ಕಿಟಕಿಯ ಗಾಜು ಎಷ್ಟು ಶುಭ್ರವಾಯಿತೆಂದರೆ ಗುಬ್ಬಚ್ಚಿಯೊಂದು ಗಾಜಿಲ್ಲವೆಂದೇ ನಂಬಿ ಬಂದು ತಲೆ ಚಚ್ಚಿಕೊಂಡು ಹೋಯಿತು. ಸೀನು ಮಾತ್ರ ಪಟ್ಟಿಯನ್ನು ಲೆಕ್ಕಕ್ಕಿಡಲಿಲ್ಲ.

ಯಾಕೆಂದರೆ ಮೂಲೆಯಲ್ಲಿ ರೇಡಿಯೋ ಇತ್ತು. ಅದರ ತಲೆಯ ಮೇಲೆ, ಸ್ವೆಟರ್ ಹಾಕಿದಂತೆ, ಎಂಟು ತಿಂಗಳ ಧೂಳಿತ್ತು.

ಅದಕ್ಕೊಂದು ಕತೆ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಧೂಳು ಹೊಡೆಯುವ ಕೆಲಸವನ್ನು ವಾರಕ್ಕೊಬ್ಬರಂತೆ ಹಂಚಿಕೊಂಡಿದ್ದರು. ಆದರೆ ಅತ್ತೆಯ ಎದುರಿಗೆ ಗಂಡನಿಗೆ ಕೆಲಸ ಹೇಳುವುದುಂಟೆ? ನಿರ್ಮಲಮ್ಮ ಉಪಾಯ ಕಂಡುಕೊಂಡಳು. ಅತ್ತೆಗೆ ಓದು ಬಾರದು. ರೇಡಿಯೋ ಮೇಲಿನ ಧೂಳಿನಲ್ಲಿ ಬೆರಳಿನಿಂದ 'ನಿಮ್ಮ ಪಾಳಿ' ಎಂದು ಬರೆದು, ಏನೂ ಗೊತ್ತಿಲ್ಲದವಳಂತೆ ಒಳಗೆ ಹೋಗಿ ಒಲೆ ಊದುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೂ ರೂಢಿ ತಪ್ಪಲಿಲ್ಲ. ಆಸ್ಪತ್ರೆಗೆ ಹೊರಟ ದಿನವೂ, ಜಟಕಾದವನು ಹೊರಗೆ ಕೂಗುತ್ತಿದ್ದರೂ, ನಿಂತು ಬರೆದೇ ಹೋದಳು. ವಾಪಸು ಬರಲಿಲ್ಲ.

ಆ ಅಕ್ಷರಗಳನ್ನು ಬೆನಕಪ್ಪ ಉಸಿರು ತಾಗದಂತೆ ಕಾಯುತ್ತಿದ್ದ. ವಾರ್ತೆ ಕೇಳುವುದನ್ನೇ ಬಿಟ್ಟಿದ್ದ, ತಿರುಪು ತಿರುಗಿಸುವಾಗ ಕೈ ತಾಗೀತೆಂದು. ವಿಚಿತ್ರವೆಂದರೆ, ಸುತ್ತ ಧೂಳು ಎಷ್ಟೇ ದಪ್ಪವಾದರೂ ಅಕ್ಷರದ ಗೀರು ಮಾತ್ರ ತುಂಬಿಕೊಳ್ಳಲಿಲ್ಲ. ಅವನು ಕಾರಣ ಹುಡುಕಲು ಹೋಗಲಿಲ್ಲ. ಕೆಲವು ಕಡತಗಳ ದಾರ ಬಿಚ್ಚಬಾರದೆಂದು ರೆಕಾರ್ಡ್ ರೂಮಿನವನಿಗೆ ಗೊತ್ತಿರುತ್ತದೆ.

ಹೀಗಿರುವಾಗ ಕಲ್ಲೇಶಪ್ಪ ಮನೆಗೆ ಬಂದ. ಕಚೇರಿಯಲ್ಲಿ ಪಕ್ಕದ ಕುರ್ಚಿಯವನು. ಸಾಹೇಬರ ಕೆಮ್ಮಿನಿಂದ ಹಿಡಿದು ಬಸ್ಸಿನ ಹಾರನ್ನಿನವರೆಗೆ ಎಲ್ಲದರ ದನಿ ತೆಗೆಯಬಲ್ಲ. ಗೋಡೆಯ ಪಟ್ಟಿ ಓದಿ, "ಇದು ವೇಳಾಪಟ್ಟಿ ಅಲ್ಲಪ್ಪ, ಧೂಳಾಪಟ್ಟಿ," ಎಂದು ನಕ್ಕ. "ಎಲ್ಲಾದಕ್ಕೂ ಒಂದೊಂದು ವಾರ ಐತೆ, ರೇಡಿಯೋಕ್ಕೆ ಯಾವ್ ವಾರ?"

ಬೆನಕಪ್ಪ ಕಾಫಿ ಕುಡಿಯುತ್ತೀಯಾ ಎಂದ.

ಕಲ್ಲೇಶಪ್ಪ ಕಾಫಿ ಕುಡಿದ, ಮಾತು ಮರೆಯಲಿಲ್ಲ. ದಾವಣಗೆರೆಯಲ್ಲಿರುವ ತನ್ನ ಭಾವ ಧೂಳು ಎಳೆಯುವ ಮಿಷನ್ನು ತಂದಿದ್ದಾನೆ, ಭಾನುವಾರ ಅದನ್ನು ಇಲ್ಲಿಗೆ ತರುತ್ತೇನೆ ಎಂದ. ಅದು ಹೇಗೆ ಕೂಗುತ್ತದೆಂದು ಕೂಗಿಯೂ ತೋರಿಸಿದ. ಎದುರು ಮನೆಯ ನಾಯಿ ಗೋಡೆ ಹಾರಿತು. ಬೇಡವೆಂದು ಬೆನಕಪ್ಪ ನಾಲ್ಕು ಸಲ ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಮಿಷನ್ನು ಕಲ್ಲೇಶಪ್ಪನ ತೊಡೆಯ ಮೇಲೆ ಹಸುಗೂಸಿನಂತೆ ಕುಳಿತು ಬಸ್ಸಿನಲ್ಲಿ ಬಂತು. ಎದುರು ಮನೆಯ ರಿಟೈರಾದ ಪೋಸ್ಟ್‌ಮ್ಯಾನ್ ಚಿಕ್ಕಹನುಮಂತಪ್ಪ, ಕರೆಯದಿದ್ದರೂ ಬಂದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡ. ಪಕ್ಕದ ಮನೆಯ ಕಸ್ತೂರಮ್ಮ ಕೈ ಒರೆಸಿಕೊಳ್ಳುತ್ತ ಬಂದು ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತಳು. ನಿರ್ಮಲಮ್ಮನ ಜೀವದ ಗೆಳತಿ ಅವಳು. ಮನೆಯ ಇನ್ನೊಂದು ಬೀಗದಕೈ ಇಂದಿಗೂ ಅವಳ ಹತ್ತಿರವೇ ಇತ್ತು.

ಮನೆಯಲ್ಲಿ ಮೂರು ಕಡ್ಡಿಯ ಪ್ಲಗ್ಗು ಹಿಡಿಯುವ ಜಾಗ ಒಂದೇ, ರೇಡಿಯೋ ಹಿಂದೆ.

"ರೇಡಿಯೋ ತಂಟೆಗೆ ಹೋಗಬ್ಯಾಡ ಕಲ್ಲೇಶಿ," ಎಂದ ಬೆನಕಪ್ಪ. ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣಗಿತ್ತು.

"ಮುಟ್ಟಲ್ಲ ಮಾರಾಯ, ವೈರಷ್ಟೇ ಹಾಕ್ತೀನಿ."

ಮಿಷನ್ನಿಗೆ ಎರಡು ಬಾಯಿ. ಒಂದು ಎಳೆಯುವುದು, ಒಂದು ಊದುವುದು. ಕೊಳವೆಯನ್ನು ಯಾವ ಬಾಯಿಗೆ ಸಿಕ್ಕಿಸಬೇಕೆಂದು ಕಲ್ಲೇಶಪ್ಪ ಯೋಚಿಸುತ್ತಿದ್ದ. ಚಿಕ್ಕಹನುಮಂತಪ್ಪ ಜೀವಮಾನದಲ್ಲಿ ಮಿಷನ್ನು ಕಂಡವನಲ್ಲ, ಆದರೂ ಮೂವತ್ತು ವರ್ಷ ವಿಳಾಸ ಹುಡುಕಿದ ಅನುಭವದಿಂದ, "ಹಿಂದ್ಲ ಬಾಯಿಗೆ ಹಾಕು," ಎಂದ. ಹಾಕಿದರು. ಗುಂಡಿ ಒತ್ತಿದರು.

ಭಾವ ಮಿಷನ್ನಿನ ಚೀಲ ಖಾಲಿ ಮಾಡಿರಲಿಲ್ಲ. ಕೊಳವೆಯಿಂದ ಹೊರಟ ಗಾಳಿ ಮನೆಯೊಳಗೆ ಸುಂಟರಗಾಳಿ ಎಬ್ಬಿಸಿತು. ಚೀಲದಿಂದ ಸೋರಿದ ದಾವಣಗೆರೆಯ ಧೂಳೆಲ್ಲ ಒಂದೇ ಆದೇಶದಲ್ಲಿ ಜಗಳೂರಿಗೆ ವರ್ಗವಾಗಿ ಬಂತು. ಗೋಡೆಯ ಪಟ್ಟಿ ಹಾರಿಹೋಗಿ ಚಿಕ್ಕಹನುಮಂತಪ್ಪನ ಮುಖಕ್ಕೆ ಮೆತ್ತಿಕೊಂಡಿತು. ಕಲ್ಲೇಶಪ್ಪನ ಕೈಯಲ್ಲಿ ಕೊಳವೆ ಹಾವಿನಂತೆ ಹೊರಳಿ, ಹೆಡೆ ಎತ್ತಿ, ನೇರ ರೇಡಿಯೋ ಕಡೆ ತಿರುಗಿತು.

ಬೆನಕಪ್ಪ ಹಾರಿದ. ಐವತ್ತೆರಡು ವರ್ಷದ ಮೈ ಅಷ್ಟು ದೂರ ಹಾರಬಲ್ಲದೆಂದು ಯಾರಿಗೂ ಗೊತ್ತಿರಲಿಲ್ಲ. ಹೆಗಲ ಮೇಲಿನ ಟವಲ್ಲನ್ನು ರೇಡಿಯೋ ಮೇಲೆ ಹೊದಿಸಿ, ಅದರ ಮೇಲೆ ಬೋರಲು ಬಿದ್ದು, ಎರಡೂ ಕೈಯಿಂದ ತಬ್ಬಿಕೊಂಡ. ಗಾಳಿ ಬೆನ್ನಿಗೆ ಬಡಿಯುತ್ತಿತ್ತು. ಕಣ್ಣು ಮುಚ್ಚಿಕೊಂಡು ಹಾಗೇ ಇದ್ದ. ಯಾರೋ ಪ್ಲಗ್ಗು ಕಿತ್ತರು.

ಮನೆ ತಣ್ಣಗಾಯಿತು. ಬೆನಕಪ್ಪ ಮೆಲ್ಲಗೆ ಎದ್ದು, ಟವಲ್ಲಿನ ಒಂದು ಅಂಚು ಎತ್ತಿದ. ಕೆಳಗೆ ರೇಡಿಯೋ ಫಳಫಳ ಹೊಳೆಯುತ್ತಿತ್ತು. ಇಷ್ಟು ತಿಂಗಳು ಮಾಡಬಾರದೆಂದು ತಡೆದಿದ್ದ ಕೆಲಸವನ್ನು ಅವನ ಎದೆಯೇ ಒಂದು ನಿಮಿಷದಲ್ಲಿ ಮುಗಿಸಿತ್ತು.

"ನೋಡ್ದ್ಯಾ, ಎಷ್ಟ್ ಚೊಕ್ಕ ಆತು," ಎಂದ ಕಲ್ಲೇಶಪ್ಪ. ಗೆಳೆಯನ ಮುಖ ನೋಡಿದ ಮೇಲೆ ಯಾವ ದನಿಯನ್ನೂ ತೆಗೆಯದೆ ಮಿಷನ್ನು ಸುತ್ತಿಕೊಂಡು ಹೊರಟ. ಚಿಕ್ಕಹನುಮಂತಪ್ಪ ಪಟ್ಟಿಯನ್ನು ಮಡಿಸಿ ಕಿಟಕಿಯಲ್ಲಿಟ್ಟು, ಕುರ್ಚಿ ಎತ್ತಿಕೊಂಡು ಹೋದ.

ಕಸ್ತೂರಮ್ಮ ಮಾತ್ರ ನಿಂತೇ ಇದ್ದಳು. ಹೊಸ್ತಿಲು ದಾಟಿ ಬಂದು, "ಅಳಬ್ಯಾಡ್ರಿ ಅಣ್ಣಾರೆ," ಎಂದಳು. "ಅದು ಅಕ್ಕ ಬರೆದಿದ್ದಲ್ಲ."

ಬೆನಕಪ್ಪ ತಲೆ ಎತ್ತಿದ.

ಹನ್ನೊಂದನೇ ದಿನದ ಕಾರ್ಯಕ್ಕೆ ಮನೆಯೆಲ್ಲ ತೊಳೆದು ಒರೆಸಿದವಳು ಅವಳೇ. ರೇಡಿಯೋವನ್ನೂ ಒರೆಸಿಬಿಟ್ಟಿದ್ದಳು. ಆಗ ಜಗುಲಿಯಿಂದ ಒಳಗೆ ಬಂದ ಬೆನಕಪ್ಪ, ರೇಡಿಯೋ ಮೇಲೆ ಯಾರೂ ಕೈ ಇಟ್ಟಿಲ್ಲ ತಾನೆ ಎಂದು ಬಾಗಿಲಲ್ಲೇ ನಿಂತು ಕೇಳಿದ. ಆ ಮುಖ ನೋಡಿ ಅವಳ ಬಾಯಿಗೆ ನಿಜ ಬರಲಿಲ್ಲ. ಅವನು ಊಟದ ಪಂಕ್ತಿಗೆ ಹೋದ ಮೇಲೆ, ಗುಡಿಸಿಟ್ಟ ಧೂಳನ್ನೇ ಬಟ್ಟೆಯಲ್ಲಿ ಸೋಸಿ, ರಂಗೋಲಿ ಪುಡಿಯಂತೆ ಉದುರಿಸಿ, ನಿರ್ಮಲಮ್ಮ ವಾರವಾರ ಬರೆಯುತ್ತಿದ್ದುದನ್ನು ನೆನಪಿನಿಂದ ಬರೆದಳು. ಆಮೇಲೆ ಪ್ರತಿ ಶನಿವಾರ ಅವನು ತರಕಾರಿಗೆ ಹೋದಾಗ ಬಂದು ತಿದ್ದುತ್ತಿದ್ದಳು.

"ನಿಮಗೆ ಓದಾಕೆ ಬರಲ್ಲವಲ್ಲ," ಎಂದ ಬೆನಕಪ್ಪ.

"ಬರಲ್ಲ. ರಂಗೋಲಿ ಎಳೆ ಹೆಂಗೆ ನೆನಪಿರ್ತಾವೋ ಹಂಗೆ ಎಳೆದೆ. ಏನೋ ದೇವರ ಹೆಸರು ಇರಬೇಕು ಅಂತ ತಲೆಗೆ ನೀರು ಹಾಕ್ಕೊಂಡೇ ಬರ್ತಿದ್ದೆ. ಏನಂತ ಇತ್ತು ಅದು?"

ಬೆನಕಪ್ಪ ಹೇಳಿದ.

ಕಸ್ತೂರಮ್ಮ ನಗಲು ಹೊರಟಳು. ಅದು ನಗುವಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ತನ್ನ ಮನೆಗೆ ಹೋದಳು.

ಅಂದು ಸಂಜೆ ಬೆನಕಪ್ಪ ಪಟ್ಟಿಯನ್ನು ಮತ್ತೆ ಗೋಡೆಗೆ ಅಂಟಿಸಿದ. ಶನಿವಾರದ ಮುಂದೆ 'ರೇಡಿಯೋ' ಎಂದು ಬರೆದ. ಇನ್ನು ಕಾಯಲು ಏನಿದೆ? ಸೋಮವಾರದಿಂದ ವಾರ್ತೆಯನ್ನೂ ಕೇಳಿದ.

ಜಗಳೂರಿನ ಗಾಳಿಗೆ ಐದು ದಿನ ಬೇಕಾದಷ್ಟಾಯಿತು. ಶನಿವಾರದ ಹೊತ್ತಿಗೆ ರೇಡಿಯೋ ಮೇಲೆ ಹೊಸ ಧೂಳು ತೆಳ್ಳಗೆ ಕುಳಿತಿತ್ತು. ತರಕಾರಿ ಚೀಲ ಇಳಿಸಿ, ಒರೆಸುವ ಬಟ್ಟೆ ಕೈಗೆತ್ತಿಕೊಂಡು ಬೆನಕಪ್ಪ ಮೂಲೆಗೆ ಹೋದ.

ಧೂಳಿನಲ್ಲಿ ಅದೇ ಇತ್ತು. ನಿಮ್ಮ ಪಾಳಿ.

ಗೋಡೆಯಾಚೆ ಕಸ್ತೂರಮ್ಮನ ದನಿ ಕೇಳಿತು. "ಬೈಬ್ಯಾಡ್ರಿ ಅಣ್ಣಾರೆ. ಅದಿಲ್ಲದೆ ಮನೆ ಬಿಕೋ ಅಂತಿತ್ತು. ಒರೆಸಂಗಿದ್ರೆ ಒರೆಸಿಬಿಡ್ರಿ."

ಯಾರ ಬೆರಳೆಂದು ಈಗ ಚೆನ್ನಾಗಿ ಗೊತ್ತಿತ್ತು. ಬೆನಕಪ್ಪ ಬಟ್ಟೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಗೋಡೆಯ ಹತ್ತಿರ ಹೋಗಿ, ಪಟ್ಟಿಯಲ್ಲಿ ಶನಿವಾರದ ಮುಂದೆ ಬರೆದಿದ್ದನ್ನು ಹೊಡೆದುಹಾಕಿದ.

ಅಷ್ಟರಲ್ಲಿ ಸೀನು ಬಂತು. ಮೂಗು ಬಿಗಿಯಾಗಿ ಹಿಡಿದುಕೊಂಡು, ರೇಡಿಯೋಗೆ ಬೆನ್ನು ಮಾಡಿ, ಬೀದಿ ಬಾಗಿಲವರೆಗೂ ಓಡಿಹೋಗಿ ಸೀನಿದ.