ಬಿಪಿ ಇಳಿಸುವ ಹಲಗೆ ಮನೆ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ, ತೋಳಿಗೆ ಸುತ್ತುವ ಒಂದು ಬಟ್ಟೆಪಟ್ಟಿ. ಡಿಪೊ ಡಾಕ್ಟರು ಅದನ್ನು ನಮ್ಮ ಡ್ರೈವರಣ್ಣನ ತೋಳಿಗೆ ಸುತ್ತಿ, ರಬ್ಬರ್ ಉಂಡೆಯನ್ನು ಪುಸ್ ಪುಸ್ ಎಂದು ಹಿಸುಕಿ, ಯಂತ್ರ ನೋಡಿ, ಆಮೇಲೆ ಅವನ ಮುಖ ನೋಡಿ, ಮತ್ತೆ ಯಂತ್ರ ನೋಡಿದರು.

"ಏನಪ್ಪ, ನೀನು ಬಸ್ ಓಡಿಸ್ತೀಯೋ, ಬಸ್ಸೇ ನಿನ್ನ ಮೇಲೆ ಓಡುತ್ತೋ?" ಎಂದರು. "ಇಷ್ಟು ಬಿಪಿ ಇರೋನ ಕೈಗೆ ಸ್ಟೇರಿಂಗ್ ಕೊಡೋಕಾಗಲ್ಲ. ರಜಾ ಹಾಕು, ಎಲ್ಲಾದ್ರೂ ಹೋಗಿ ನೆಮ್ಮದಿಯಾಗಿರು. ನಾಡಿದ್ದು ಬೆಳಗ್ಗೆ ಬಾ, ಇನ್ನೊಂದ್ಸಲ ನೋಡ್ತೀನಿ. ಆಗಲೂ ಹೀಗೇ ಇದ್ರೆ ಟೈರ್ ಸೆಕ್ಷನ್."

ಟೈರ್ ಸೆಕ್ಷನ್ ಎಂದರೆ ಡಿಪೊ ಹಿಂದಿನ ತಗಡಿನ ಶೆಡ್ಡು. ಅಲ್ಲಿಗೆ ಹೋದ ಡ್ರೈವರು ಮತ್ತೆ ರಸ್ತೆ ಕಂಡದ್ದಿಲ್ಲ. ಬೇರೆಯವರ ಚಕ್ರಕ್ಕೆ ಗಾಳಿ ಹಿಡಿಯುತ್ತ, ತನ್ನ ಗಾಳಿ ಕಳೆದುಕೊಂಡು ಕೂತಿರುತ್ತಾನೆ. ನಮ್ಮ ಡ್ರೈವರಣ್ಣನೋ, ಸ್ಟೇರಿಂಗ್ ಬಿಟ್ಟರೆ ಬೇರೆ ಪ್ರಪಂಚ ಕಾಣದವನು. ಊಟಕ್ಕೆ ಕೂತರೂ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ಎಡಕ್ಕೆ ತಿರುಗಿಸಿದ ಮೇಲೇ ತುತ್ತು ಎತ್ತುವುದು.

ನೆಮ್ಮದಿ ಎಲ್ಲಿ ಸಿಗುತ್ತದೆ ಎಂದು ಅವನು ತಲೆ ಮೇಲೆ ಕೈ ಹೊತ್ತು ಕೂತಾಗ ದಾರಿ ತೋರಿಸಿದವನು ಅವನ ಕಂಡಕ್ಟರು. ಎಷ್ಟೋ ವರ್ಷದಿಂದ ಒಂದೇ ಬಸ್ಸಿನಲ್ಲಿ ದುಡಿದ ಜೋಡಿ ಅದು. "ನಮ್ಮ ಸೋದರಮಾವಂದು ಕಾಡೊಳಗೆ ಕೆರೆ ದಡದಲ್ಲಿ ಒಂದು ಹಲಗೆ ಮನೆ ಇದೆ ಡ್ರೈವರಣ್ಣ. ಕೊನೇ ಸ್ಟಾಪಲ್ಲಿ ಇಳಿದು ಸ್ವಲ್ಪ ನಡೀಬೇಕು. ಹಾರನ್ ಇಲ್ಲ, ಸಿಗ್ನಲ್ ಇಲ್ಲ, ಚಿಲ್ಲರೆ ಜಗಳ ಇಲ್ಲ. ಅಲ್ಲಿ ಏನೂ ಇಲ್ಲ."

ಏನೂ ಇಲ್ಲ ಎಂಬ ಮಾತನ್ನು ಡ್ರೈವರಣ್ಣ ಅವತ್ತು ಸರಿಯಾಗಿ ಗಮನಿಸಲಿಲ್ಲ.

ಸುದ್ದಿ ಬೀದಿಗೆಲ್ಲ ಹಬ್ಬಿತು. ಪಕ್ಕದ ಮನೆಯ ಕಾಂಪೌಂಡರ್ ಮಾಮ, ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ರೋಗಿಗಳಿಲ್ಲದೆ ಸೊರಗಿದ್ದವರು, ಕರೆಯದೆಯೇ ತಮ್ಮ ಬಿಪಿ ಯಂತ್ರದ ಚೀಲ ಹೆಗಲಿಗೆ ಹಾಕಿಕೊಂಡು ಮರುದಿನ ಬೆಳಬೆಳಗ್ಗೆ ಬಾಗಿಲಲ್ಲಿ ನಿಂತರು. "ಒಬ್ಬನೇ ಹೋಗಿ ನೆಮ್ಮದಿಯಾಗಿದ್ದೀಯೋ ಇಲ್ವೋ ಅಂತ ನಿನಗೆ ಹೇಗಯ್ಯ ಗೊತ್ತಾಗುತ್ತೆ? ಅಳೆಯೋರು ಬೇಡ್ವಾ?"

ಹೆಂಡತಿ ಚೀಲ ಕೈಗಿಡುತ್ತ, "ರೀ, ಮನೆ ಚಿಂತೆ ಏನೂ ಇಟ್ಕೋಬೇಡಿ. ಅಡುಗೆಮನೇಲಿ ಗ್ಯಾಸ್ ವಾಸನೆ ಬರ್ತಿದೆಯಲ್ಲ, ಅದನ್ನ ನಾನೇ ನೋಡ್ಕೋತೀನಿ" ಎಂದಳು.

"ಗ್ಯಾಸ್ ವಾಸನೇನಾ?"

"ಅದಕ್ಕೇ ಹೇಳಿದ್ದು, ಚಿಂತೆ ಬೇಡ ಅಂತ. ಹೊರಡಿ."

ಕಾಂಪೌಂಡರ್ ಮಾಮ ಹೊಸ್ತಿಲಲ್ಲೇ ಅವನನ್ನು ಕೂರಿಸಿ ಪಟ್ಟಿ ಸುತ್ತಿದರು. ಯಂತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ, ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಕೊನೆಗೆ ತಲೆ ಅಲ್ಲಾಡಿಸಿದರು.

"ಎಷ್ಟಿದೆ ಮಾಮ?"

"ನಂಬರ್ ಹೇಳಲ್ಲ. ಹೇಳಿದ್ರೆ ಇನ್ನೂ ಏರುತ್ತೆ."

ಹೀಗೆ, ದಾರಿ ತೋರಿಸಲು ಬಂದ ಕಂಡಕ್ಟರೂ ಸೇರಿ, ಮೂವರೂ ಹೊರಟರು.

ಮರಗಳ ಸಂದಿಯಲ್ಲಿ ಕೆರೆ ಕಂಡಾಗ ಡ್ರೈವರಣ್ಣನಿಗೆ ಉಸಿರು ನಿಜವಾಗಿಯೂ ಹಗುರಾಯಿತು. ನೀರು ಇಸ್ತ್ರಿ ಮಾಡಿ ಹಾಸಿದಂತಿತ್ತು. ದಡದಲ್ಲಿ ಹಲಗೆ ಮನೆ ಇತ್ತು. ಇತ್ತು ಎನ್ನುವುದಕ್ಕಿಂತ, ಇನ್ನೂ ಬಿದ್ದಿರಲಿಲ್ಲ ಎನ್ನಬಹುದು. ಒಂದು ಪಕ್ಕಕ್ಕೆ ವಾಲಿಕೊಂಡು, ಓವರ್‌ಲೋಡ್ ಬಸ್ಸು ತಿರುವಿನಲ್ಲಿ ನಿಂತ ಹಾಗೆ. ಬಾಗಿಲಿಗೆ ಚಿಲಕದ ಬದಲು ಹಗ್ಗ. ದೀಪವಿಲ್ಲ, ನಲ್ಲಿಯಿಲ್ಲ. ಕಿಟಕಿಗೆ ಬಾಗಿಲಿಲ್ಲ. ಫೋನು ತೆಗೆದು ನೋಡಿದ. ಅದರಲ್ಲೂ ಏನೂ ಇಲ್ಲ. ಗ್ಯಾಸ್ ವಿಷಯ ಕೇಳುವ ದಾರಿಯೂ ಮುಚ್ಚಿತು.

"ಒಳಗೆ ಮಂಚ ಇದೆ, ಮೊದಲು ಆರಾಮಾಗಿ ಮಲಗಿ" ಎಂದ ಕಂಡಕ್ಟರು.

ಮಬ್ಬುಗತ್ತಲಲ್ಲಿ ಡ್ರೈವರಣ್ಣ ಮಂಚದ ಮೇಲೆ ಕೂತು, ಬಿಳೀ ದಿಂಬು ಕಂಡು ಅದರ ಮೇಲೆ ತಲೆಯಿಟ್ಟ. ದಿಂಬು 'ಬುಸ್ಸ್' ಎಂದಿತು. ವೃತ್ತಿಧರ್ಮ ನೋಡಿ, ಆ ಕ್ಷಣದಲ್ಲೂ ಅವನಿಗೆ ಮೊದಲು ಹೊಳೆದದ್ದು ಏರ್ ಬ್ರೇಕ್ ಲೀಕ್ ಆಗುತ್ತಿದೆ ಎಂದು. ಆಮೇಲೆ ದಿಂಬಿನಿಂದ ಉದ್ದನೆಯ ಕತ್ತೊಂದು ಎದ್ದು ಅವನ ಕಿವಿ ಹಿಡಿಯಿತು.

ಅದು ಹೆಬ್ಬಾತು. ಬಾತುಕೋಳಿಗೆ ದೊಡ್ಡಪ್ಪನಂಥ ಹಕ್ಕಿ. ಡ್ರೈವರಣ್ಣ ಕಿಟಕಿಯಿಂದ ಹೊರಗೆ ಬಂದದ್ದನ್ನು ಇಬ್ಬರೂ ನೋಡಿದರು. ಕಿಟಕಿ ಅಷ್ಟು ಅಗಲವಿತ್ತೇ ಎಂಬುದು ಮಾತ್ರ ಇಬ್ಬರಿಗೂ ಈಗಲೂ ಅನುಮಾನ.

"ಓ, ಅದು ಮೊಟ್ಟೆ ಇಟ್ಟಿರಬೇಕು" ಎಂದ ಕಂಡಕ್ಟರು ಸಮಾಧಾನವಾಗಿ. "ಸೀಟ್ ಹಿಡಿದುಬಿಟ್ಟಿದೆ. ಎಬ್ಬಿಸೋಕಾಗಲ್ಲ. ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಕಾಂಪೌಂಡರ್ ಮಾಮ ಓಡಿ ಬಂದು ಪಟ್ಟಿ ಸುತ್ತಿದರು. ಈ ಸಲ ಅವರ ಮುಖ ಸಾವಿನ ಮನೆಗೆ ಬಂದವರ ಮುಖದಂತಾಯಿತು.

"ಮಾಮ, ಅಷ್ಟೊಂದಾ?"

"ನಾನೇನಾದ್ರೂ ಅಂದ್ನೇನಯ್ಯ?"

ಗಾಬರಿಗೆ ಹೊಟ್ಟೆಯೂ ಕೈಕೊಟ್ಟಿತು. ಕಕ್ಕಸು ಎಲ್ಲಿ ಎಂದಾಗ ಕಂಡಕ್ಟರು ನೀರಿನಂಚಿಗೆ ಕೈ ತೋರಿಸಿದ. ಕಂಬಗಳ ಮೇಲೆ ನಿಂತ ಪುಟ್ಟ ಗೂಡು. ಡ್ರೈವರಣ್ಣ ಒಳಹೊಕ್ಕವನು ಅಲ್ಲಿಂದಲೇ ಕೂಗಿದ: "ಲೋ, ಇದಕ್ಕೆ ಮೂರೇ ಗೋಡೆ ಇದೆಯಲ್ಲೋ."

"ನಾಲ್ಕನೇದು ಕೆರೆ ಕಡೆಗಲ್ವಾ ಡ್ರೈವರಣ್ಣ. ಅಲ್ಲಿ ನೋಡೋರು ಯಾರಿದ್ದಾರೆ?"

ನಿಜ, ಯಾರೂ ಇರಲಿಲ್ಲ. ಆದ್ದರಿಂದ ಅವನು ಧೈರ್ಯ ಮಾಡಿ ಕೂತ. ಕೂತ ಮೇಲೆ, ಇನ್ನು ಏಳಲಾಗದ ಹಂತದಲ್ಲಿ, ಜೊಂಡಿನ ಮರೆಯಿಂದ ವಿಹಾರಕ್ಕೆ ಬಂದವರ ದೋಣಿಯೊಂದು ನಿಧಾನವಾಗಿ ತೇಲಿ ಬಂತು. ಹೆಂಗಸರು, ಗಂಡಸರು, ಒಂದು ಅಜ್ಜಿ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ದಿಟ್ಟಿಸಿ, "ಅಯ್ಯೋ, ಇದು ನಮ್ಮ ಬೆಳಗಿನ ಬಸ್ಸಿನ ಡ್ರೈವರ್ ಅಲ್ವೇನ್ರೇ?" ಎಂದಳು.

ಡ್ರೈವರಣ್ಣ ಕಲ್ಲಾಗಿ ಕೂತ. ದೋಣಿಯವರೆಲ್ಲ ತಿರುಗಿ ನೋಡಿದರು.

"ಅವನೇ ಕಣ್ರೀ. ದಿನಾ ಮುಂದಿನ ಸೀಟಲ್ಲಿ ಕೂರ್ತೀನಿ, ನನಗೆ ಗೊತ್ತಾಗಲ್ವಾ? ಬಸ್ಸಲ್ಲೂ ಹೀಗೇ ನೇರ ನೋಡ್ಕೊಂಡು ಕೂತಿರ್ತಾನೆ, ಮಾತೇ ಆಡಲ್ಲ. ಒಳ್ಳೇ ಹುಡುಗ." ಅಜ್ಜಿ ಕೈಬೀಸಿದಳು. ಅವನೂ, ಬೇರೆ ದಾರಿಯಿಲ್ಲದೆ, ಒಂದು ಕೈ ಎತ್ತಿದ.

ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅದೆಲ್ಲ ಬಿಪಿಗೆ ಹೋಗಿರಬೇಕು. ಕಾಂಪೌಂಡರ್ ಮಾಮ ಮತ್ತೆ ಅಳೆದು, ಯಂತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಣ್ಣೊರೆಸಿಕೊಂಡರು. ಅವರು ಅಳುತ್ತಿದ್ದಾರೆಂದು ಡ್ರೈವರಣ್ಣನಿಗೆ ಖಚಿತವಾಯಿತು.

"ನೋಡಯ್ಯ, ಇನ್ನು ಒಂದೇ ದಾರಿ" ಎಂದರು ಮಾಮ. "ನೀರಿನ ಮೇಲೆ ತೇಲಬೇಕು. ಮನಸ್ಸು ತೇಲಿದ್ರೆ ಬಿಪಿ ತಾನಾಗೇ ಇಳಿಯುತ್ತೆ."

ಸೋದರಮಾವನ ಹಳೇ ದೋಣಿ ದಡದಲ್ಲಿ ಬೋರಲು ಬಿದ್ದಿತ್ತು. ಮೂವರೂ ಸೇರಿ ನೀರಿಗಿಳಿಸಿದರು. ಡ್ರೈವರಣ್ಣ ಮುಂದೆ ಕೂತು ಹುಟ್ಟು ಹಿಡಿದ. ಕೈಗೆ ನಡೆಸುವ ವಸ್ತುವೊಂದು ಸಿಕ್ಕಿದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು. ಮಧ್ಯದಲ್ಲಿ ಕಾಂಪೌಂಡರ್ ಮಾಮ, ಹಿಂದೆ ಬಾಗಿಲ ಬಳಿ ನಿಂತವನ ಹಾಗೆ ಕಂಡಕ್ಟರು. ಅವನು ಅಭ್ಯಾಸದಂತೆ ಎರಡು ಸೀಟಿ ಊದಿ "ರೈಟ್" ಎಂದ. ದೋಣಿ ಹೊರಟಿತು.

ಅಲ್ಲಿಯವರೆಗೆ ಇಡೀ ದಿನದಲ್ಲಿ ಅದೊಂದೇ ಸುಖ. ಗಾಳಿ ತಣ್ಣಗಿತ್ತು. ಡ್ರೈವರಣ್ಣನ ಭುಜ ಸಡಿಲಾಯಿತು, ಅವನು ಏನೋ ಗುನುಗಿಕೊಂಡ. ಎದುರಿಗೆ ನೀರೊಳಗೆ ಒಂದು ಬಂಡೆಯ ನೆತ್ತಿ ಇದ್ದುದು ಅವನ ಕಣ್ಣಿಗೆ ಬೀಳಲಿಲ್ಲ. ಕಂಡಕ್ಟರನ ಕಣ್ಣಿಗೆ ಬಿತ್ತು. ಬಂಡೆ ಎಂದು ಕೂಗಬಹುದಿತ್ತು. ಆದರೆ ಹೊಟ್ಟೆಪಾಡಿಗೆ ಕಲಿತ ಭಾಷೆಯೇ ಬಾಯಿಗೆ ಮೊದಲು ಬರುವುದು. ಅವನು ಬಲವಾಗಿ ಒಂದೇ ಒಂದು ಸೀಟಿ ಊದಿದ.

ಒಂದು ಸೀಟಿ ಎಂದರೆ ನಿಲ್ಲಿಸು. ಅಷ್ಟು ವರ್ಷದಿಂದ ಆ ಸೀಟಿಗೆ ಡ್ರೈವರಣ್ಣನ ಬಲಗಾಲು ತಲೆಯನ್ನು ಕೇಳದೆಯೇ ಕೆಲಸ ಮಾಡುತ್ತ ಬಂದಿತ್ತು. ಈಗಲೂ ಮಾಡಿತು. ಮೈಭಾರವನ್ನೆಲ್ಲ ಹಾಕಿ ಬ್ರೇಕ್ ತುಳಿಯಿತು.

ಬ್ರೇಕ್ ಇರಲಿಲ್ಲ. ಹಳೇ ಹಲಗೆ ಇತ್ತು. ಕಾಲು ಮೊಣಕಾಲಿನವರೆಗೆ ಕೆರೆಗೆ ಹೋಯಿತು.

ಮೂವರೂ ಒಂದು ಗಳಿಗೆ ದಂಗಾಗಿ ಆ ಕಾಲನ್ನೇ, ಅಂದರೆ ಕಾಲಿನ ಉಳಿದ ಭಾಗವನ್ನೇ, ನೋಡುತ್ತ ಕೂತರು.

"ಬ್ರೇಕ್ ಯಾಕೆ ಹಾಕಿದ್ರಿ?" ಎಂದ ಕಂಡಕ್ಟರು.

"ಸೀಟಿ ಯಾಕೋ ಊದಿದೆ?"

"ಬಂಡೆ ಇತ್ತು."

"ಬಂಡೆ ಅನ್ನೋಕೆ ಬಾಯಿರಲಿಲ್ವಾ?"

"ನೀರು ಬರ್ತಿದೆ ಕಣ್ರಪ್ಪ" ಎಂದರು ಕಾಂಪೌಂಡರ್ ಮಾಮ. ಅವರು ಹೇಳಿ ಮುಗಿಸುವಷ್ಟರಲ್ಲಿ ದೋಣಿ ಮುಳುಗಿಯಾಗಿತ್ತು. ದೇವರು ದೊಡ್ಡವನು, ನೀರು ಎದೆಮಟ್ಟವಷ್ಟೇ ಇತ್ತು. ಮಾಮ ಬಿಪಿ ಯಂತ್ರವನ್ನು ಕಿರೀಟದಂತೆ ತಲೆ ಮೇಲಿಟ್ಟುಕೊಂಡರು. ಕಂಡಕ್ಟರು ಮುಂದೆ, ಮಾಮ ಹಿಂದೆ, ನಡುವೆ ಕಾಲಿಗೆ ಹಲಗೆಯ ಬಳೆ ತೊಟ್ಟ ಡ್ರೈವರಣ್ಣ. ದಡದಲ್ಲಿ ಹೆಬ್ಬಾತು ಕತ್ತು ಚಾಚಿ ಕಾಯುತ್ತಿತ್ತು.

ರಾತ್ರಿಯ ಸುದ್ದಿ ಎತ್ತದಿರುವುದೇ ಮೇಲು. ಹೆಬ್ಬಾತು ಮಂಚದ ಮೇಲೆ ಮಲಗಿತು. ಒಣ ಬಟ್ಟೆಗಳಿದ್ದ ಚೀಲ ಅದರ ಹೊಟ್ಟೆಯಡಿ ಇತ್ತು. ಉಳಿದವರು ನೆಲದ ಮೇಲೆ, ಒಬ್ಬರ ಮೈಗೆ ಒಬ್ಬರು ಅಂಟಿಕೊಂಡು, ಹಲ್ಲು ಕಟಕಟಿಸುತ್ತ ಬೆಳಗು ಮಾಡಿದರು.

ಬೆಳಗ್ಗೆ ವಾಪಸಾಗುವ ಬಸ್ಸಿನಲ್ಲಿ ಡ್ರೈವರಣ್ಣ ಕೊನೆಯ ಸಲ ಕೇಳಿದ. "ಮಾಮ, ಇನ್ನು ಮುಚ್ಚಿಡಬೇಡಿ. ಹೇಗೂ ಟೈರ್ ಸೆಕ್ಷನ್ ಗ್ಯಾರಂಟಿ. ಎಷ್ಟಿತ್ತು?"

ಕಾಂಪೌಂಡರ್ ಮಾಮ ಕಿಟಕಿಯಾಚೆ ನೋಡಿದರು. "ನನಗೇನು ಗೊತ್ತಯ್ಯ? ಕನ್ನಡಕ ಮನೇಲೇ ಮರೆತು ಬಂದಿದ್ದೆ."

ಡ್ರೈವರಣ್ಣ ಬಾಯಿ ತೆರೆದ. ಡಿಪೊ ತಲುಪುವವರೆಗೂ ಬಾಯಿ ತೆರೆದೇ ಇತ್ತು.

ಡಾಕ್ಟರು ಪಟ್ಟಿ ಸುತ್ತಿದರು. ಪುಸ್ ಪುಸ್. ಯಂತ್ರ ನೋಡಿದರು, ಅವನ ಮುಖ ನೋಡಿದರು, ಇನ್ನೊಂದು ಸಲ ಅಳೆದರು.

"ಏನು ಮಾಡಿದೆಯಯ್ಯ ನೀನು? ಕಾಲೇಜ್ ಹುಡುಗನ ಬಿಪಿ ಇದ್ದ ಹಾಗಿದೆ."

ಒಂದೇ ದಿನದಲ್ಲಿ ವರ್ಷದ ಗಾಬರಿಯನ್ನೆಲ್ಲ ಖರ್ಚು ಮಾಡಿಬಿಟ್ಟವನಿಗೆ ಏರಿಸಿಕೊಳ್ಳಲು ಒಳಗೆ ಏನೂ ಉಳಿದಿರಲಿಲ್ಲವೋ ಏನೋ. ಡ್ರೈವರಣ್ಣ ನಂಬಲಾರದೆ ಡಾಕ್ಟರ ಕನ್ನಡಕವನ್ನೇ ಎರಡು ಸಲ ನೋಡಿದ. ಕಣ್ಣಲ್ಲಿ ನೀರು ಬಂತು. ಎಲ್ಲಿ ಡಾಕ್ಟರು ಮನಸ್ಸು ಬದಲಿಸುತ್ತಾರೋ ಎಂಬ ಭಯಕ್ಕೆ ಒಂದೇ ಉಸಿರಿಗೆ ಹೇಳಿದ. "ಕಾಡಲ್ಲಿ ಕೆರೆ ದಡದ ಮನೇಲಿ ಇದ್ದೆ ಸಾರ್. ಸ್ವರ್ಗ ಸಾರ್ ಅದು. ಅಲ್ಲಿ ಕೂತ್ರೆ ಎದ್ದು ಬರೋಕೇ ಮನಸ್ಸಾಗಲ್ಲ. ಹಕ್ಕಿಗಳು ಬಂದು ಕಿವಿ ಹತ್ತಿರ ಮಾತಾಡ್ತವೆ. ಜೀವಮಾನವೆಲ್ಲ ಅಲ್ಲೇ ಇದ್ದುಬಿಡೋಣ ಅನ್ನಿಸ್ತು."

"ಹೌದಾ?" ಎಂದು ಡಾಕ್ಟರು ಅದನ್ನೆಲ್ಲ ಸರ್ಟಿಫಿಕೇಟಿನಲ್ಲಿ ಬರೆದು, ಸಹಿ ಹಾಕಿ, ಮ್ಯಾನೇಜರ ಕೋಣೆಗೆ ಕಳಿಸಿದರು.

ಮ್ಯಾನೇಜರು ಸರ್ಟಿಫಿಕೇಟ್ ಓದಿ ಎದ್ದು ನಿಂತು ಕೈ ಕುಲುಕಿದರು. ಡ್ರೈವರಣ್ಣನಿಗೆ ಸಂಕೋಚವಾಯಿತು.

"ಸ್ಟೇರಿಂಗ್ ನಿಮ್ಮದೇ" ಎಂದರು ಮ್ಯಾನೇಜರು. "ನನ್ನ ದೊಡ್ಡ ತಲೆನೋವೂ ಕಳೀತು. ಸೋಮವಾರದಿಂದ ಕಾಡಿನ ಕೆರೆ ತನಕ ಹೊಸ ರೂಟ್. ದಿನಾ ನೈಟ್ ಹಾಲ್ಟ್ ಅಲ್ಲೇ, ಒಂದು ಹಲಗೆ ಮನೇಲಿ. ಇರೋ ಡ್ರೈವರ್‌ಗಳೆಲ್ಲ ಆ ಜಾಗ ನೋಡ್ಕೊಂಡು ಬಂದು, ಅಲ್ಲಿ ಮಲಗಿದ್ರೆ ಬಿಪಿ ಏರುತ್ತೆ ಅಂತ ಸರ್ಟಿಫಿಕೇಟ್ ತಂದು ಕೊಟ್ರು. ಅಲ್ಲಿ ಬಿಪಿ ಇಳಿಯೋ ಡ್ರೈವರ್ ಅಂದ್ರೆ ಇಡೀ ಡಿಪೊಗೆ ನೀವೊಬ್ರೇ. ರಿಟೈರ್ ಆಗೋ ತನಕ ಬೇರೆ ರೂಟ್ ಕೇಳಬೇಡಿ, ಕೊಡಲ್ಲ."

ಡ್ರೈವರಣ್ಣ ಮೆಲ್ಲಗೆ ಹಿಂದಕ್ಕೆ ನಡೆದು ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತ. ಅಂಗಿಯ ತೋಳನ್ನು ಭುಜದವರೆಗೆ ಮಡಚಿ, ಕೈ ಮುಂದೆ ಚಾಚಿದ.

"ಸಾರ್, ದಯವಿಟ್ಟು," ಎಂದ, "ಈಗ ಒಂದ್ಸಲ ನೋಡಿ."